ಕರ್ತೃಪದದ ಜಾಗದಲ್ಲಿ ಯಾರು ಕೂತಿದ್ದಾರೆ?

‘ಹೆಗೆಲ್ ತಲೆ ಕೆಳಗಾಗಿ ನಿಂತಿದ್ದ, ಮಾರ್ಕ್ಸ್ ಬಂದು ಕಾಲ ಮೇಲೆ ನಿಲ್ಲಿಸಿದ.’ ಎಂ.ಎ. ಉತ್ತರಪತ್ರಿಕೆಯಿಂದ ಹಿಡಿದು ವಿಚಾರ ಸಂಕಿರಣದ ಭಾಷಣದವರೆಗೆ ಉಜ್ಜಿ ಉಜ್ಜಿ ಸವೆದ ಮಾತಿದು. ಸುಳ್ಳಲ್ಲ. 1873ರಲ್ಲಿ ‘ಕ್ಯಾಪಿಟಲ್’ ಮೊದಲ ಸಂಪುಟದ ಎರಡನೇ ಆವೃತ್ತಿಗೆ ಬರೆದ ಹಿನ್ನುಡಿಯಲ್ಲಿ ಮಾರ್ಕ್ಸನೇ ಈ ಉಪಮೆ ಬಳಸಿದ್ದಾನೆ. ಆದರೆ ಚಿಂತನೆಯೇ ಮೂಲವೆಂದ ಜರ್ಮನ್ ತತ್ತ್ವಜ್ಞಾನಿ ಹೆಗೆಲ್‌ನಿಂದ ಭೌತವಾದಕ್ಕೆ ದಾಟುವ ನಿಜವಾದ ಕೆಲಸ ನಡೆದದ್ದು 1839ರಿಂದ 1846ರವರೆಗಿನ ಏಳು ವರ್ಷಗಳಲ್ಲಿ. ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಿದರು ಅಂದಮಾತ್ರಕ್ಕೆ ಹಿಟ್ಟು ಹೇಗೆ ನಾದಿದರು, ಹೇಗೆ ಬಡಿದರು ಅನ್ನುವುದು ತಿಳಿದೀತೇ?

ಇದನ್ನು ಹಿಡಿಯಲು ಏಳನೇ ಇಯತ್ತೆಯ ವ್ಯಾಕರಣ ಸಾಕು: ಕರ್ತೃ, ಕರ್ಮ, ಕ್ರಿಯಾಪದ. ಹದಿನೆಂಟನೇ ಶತಮಾನದ ಫ್ರೆಂಚ್ ಭೌತವಾದಿಗಳನ್ನು, ಅಂದರೆ ಎಲ್ಲಕ್ಕೂ ಮೂಲ ಭೌತವಸ್ತುವೇ ಎಂದವರನ್ನು, ನೋಡಿ. ಮನುಷ್ಯನನ್ನು ಯಂತ್ರವೆಂದ ಲಾ ಮೆಟ್ರಿ, 1770ರಲ್ಲಿ ‘ಪ್ರಕೃತಿಯ ವ್ಯವಸ್ಥೆ’ ಬರೆದ ದೋಲ್ಬಾಕ್. ಇವರ ವಾಕ್ಯಗಳಲ್ಲಿ ಮನುಷ್ಯ ಹೆಚ್ಚಾಗಿ ಕರ್ಮದ ಜಾಗದಲ್ಲೇ ಇರುತ್ತಾನೆ. ಹವೆ ಅವನನ್ನು ರೂಪಿಸುತ್ತದೆ, ಪರಿಸರ ಅವನನ್ನು ಕೆಡಿಸುತ್ತದೆ, ಶಿಕ್ಷಣ ಅವನನ್ನು ತಿದ್ದುತ್ತದೆ. ಅವನಾಗಿ ಮಾಡುವುದೇನು ಎಂದು ಕೇಳಿದರೆ ಉತ್ತರ ಬಡವಾಗುತ್ತದೆ. ಜರ್ಮನ್ ಭಾವನಾವಾದ (ಐಡಿಯಲಿಸಂ) ಕ್ರಿಯಾಪದವನ್ನು ಕೊಟ್ಟಿತು. ಆದರೆ ಕರ್ತೃಪದದಲ್ಲಿ ‘ಅಹಂ’, ‘ಆತ್ಮ’, ‘ಪರಿಕಲ್ಪನೆ’ ಎಂಬ ಮೈಯಿಲ್ಲದವರನ್ನು ಕೂರಿಸಿತು. 1840ರ ದಶಕದ ತೀವ್ರ ಭೌತವಾದ ಆ ಕ್ರಿಯಾಪದವನ್ನು ಬಿಡದೆ ಕರ್ತೃವನ್ನು ಬದಲಿಸಿತು. ಒಂದೇ ಏಟಿಗೆ ಅಲ್ಲ, ಮೂರು ಸಲ ಬದಲಿಸಿ ನೋಡಿತು.

ಇಳಕಲ್ಲ ಸೀರೆ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಅದರ ಸೆರಗನ್ನು ಮುಗಿದ ಸೀರೆಗೆ ಆಮೇಲೆ ಹೊಲಿದದ್ದಲ್ಲ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸಿ, ಅದೇ ಮಗ್ಗದ ಮೇಲೆ ನೇಯ್ಗೆ ಮುಂದುವರಿಸುತ್ತಾರೆ. ನೂಲು ಬದಲಾಗುತ್ತದೆ, ನೇಯ್ಗೆ ನಿಲ್ಲುವುದಿಲ್ಲ. ಭಾವನಾವಾದದಿಂದ ಭೌತವಾದಕ್ಕೆ ದಾಟಿದ್ದೂ ಹೀಗೆಯೇ. ಆ ಕುಣಿಕೆಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನೋಡುವುದಷ್ಟೇ ಇಲ್ಲಿನ ಕೆಲಸ.

ಮೊದಲು ಪದಗಳ ತೊಡಕು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಆದರ್ಶವಾದ’ ಎಂದರೆ ಗಾಂಧಿ ಟೋಪಿ ನೆನಪಾಗುತ್ತದೆ, ‘ಭಾವನಾವಾದ’ ಎಂದರೆ ಕಣ್ಣೀರು. ಎರಡೂ ದಾರಿ ತಪ್ಪಿಸುತ್ತವೆ. ಇಲ್ಲಿ ವಿಷಯ ಉದಾತ್ತ ಗುರಿಯೂ ಅಲ್ಲ, ಎದೆಯ ಭಾವನೆಯೂ ಅಲ್ಲ. ವಸ್ತುವನ್ನು ವಸ್ತುವಾಗಿ ತಿಳಿಯುವುದರಲ್ಲಿ ಚಿತ್ತದ ಕೆಲಸ ಎಷ್ಟಿದೆ ಅನ್ನುವ ಪ್ರಶ್ನೆ. ‘ಭೌತವಾದ’ಕ್ಕೂ ಇದೇ ಗತಿ: ಅದನ್ನು ಬಂಗಾರ, ಬಂಗಲೆ, ಭೋಗ ಎಂದು ಓದಿಕೊಳ್ಳುವವರೇ ಹೆಚ್ಚು. ಈ ಬರಹದಲ್ಲಿ ಭಾವನಾವಾದ, ಭೌತವಾದ ಎಂದೇ ಬಳಸುತ್ತೇನೆ, ಇಷ್ಟು ಎಚ್ಚರಿಕೆ ಕೊಟ್ಟ ಮೇಲೆ.

ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ‘ಶುದ್ಧ ವಿವೇಚನೆಯ ವಿಮರ್ಶೆ’ 1781ರಲ್ಲಿ ಬಂತು, ತಿದ್ದಿದ ಎರಡನೇ ಆವೃತ್ತಿ 1787ರಲ್ಲಿ. ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಆತ ಪ್ರಶ್ನೆಯನ್ನೇ ತಿರುಗಿಸುತ್ತಾನೆ. ನಮ್ಮ ಅರಿವು ವಸ್ತುಗಳಿಗೆ ಹೊಂದಿಕೊಳ್ಳುತ್ತದೆ ಎಂದೇ ಇಲ್ಲಿಯವರೆಗೆ ಎಣಿಸಿದ್ದೆವು. ವಸ್ತುಗಳೇ ನಮ್ಮ ಅರಿವಿಗೆ ಹೊಂದಿಕೊಳ್ಳುತ್ತವೆ ಎಂದು ಇಟ್ಟುಕೊಂಡು ನೋಡೋಣ. ದೇಶ, ಕಾಲ, ಕಾರಣ-ಕಾರ್ಯ ಇವೆಲ್ಲ ನಾವು ಹಾಕುವ ಅಚ್ಚುಗಳು. ಅರಿಯುವುದು ಎಂದರೆ ಬಂದದ್ದನ್ನು ತುಂಬಿಕೊಳ್ಳುವುದಲ್ಲ, ಏನೋ ಒಂದನ್ನು ಮಾಡುವುದು. ಕ್ರಿಯಾಪದ ಇಲ್ಲಿಂದ ಶುರು.

ಆದರೆ ಕಾಂಟ್ ಅಚ್ಚಿನ ಆಚೆಗೆ ‘ಸ್ವತಃವಸ್ತು’ ಎಂಬುದನ್ನು ಉಳಿಸಿದ. ಅದು ನಮ್ಮ ಇಂದ್ರಿಯಗಳನ್ನು ತಟ್ಟುತ್ತದೆ, ಆದರೆ ಅದನ್ನು ಅರಿಯಲಾಗದು. ತೊಡಕು ಇಲ್ಲಿದೆ: ‘ತಟ್ಟುತ್ತದೆ’ ಎಂದರೆ ಕಾರಣವಾಗುತ್ತದೆ ಎಂದಾಯಿತು, ಕಾರಣ-ಕಾರ್ಯವೋ, ನಮಗೆ ಕಾಣುವ ಜಗತ್ತಿಗೆ ಮಾತ್ರ ಸಲ್ಲುವ ಅಚ್ಚು. ಅದೇ ಕಾಲದ ಜರ್ಮನ್ ಚಿಂತಕ ಯಾಕೋಬಿ 1787ರಲ್ಲೇ ಇದನ್ನು ಹಿಡಿದ. ಆ ಸ್ವತಃವಸ್ತು ಇಲ್ಲದೆ ಕಾಂಟ್‌ನ ಮನೆಯೊಳಗೆ ಕಾಲಿಡಲಾಗದು, ಅದನ್ನು ಇಟ್ಟುಕೊಂಡು ಒಳಗೆ ಉಳಿಯಲೂ ಆಗದು ಎಂಬುದು ಅವನ ಮಾತಿನ ಸಾರ. ಇದೇ ಯಾಕೋಬಿ ಎರಡು ವರ್ಷ ಮೊದಲು, ಹೆಸರಾಂತ ಲೇಖಕ ಲೆಸ್ಸಿಂಗ್ ಒಳಗೊಳಗೇ ಹದಿನೇಳನೇ ಶತಮಾನದ ತತ್ತ್ವಜ್ಞಾನಿ ಸ್ಪಿನೋಜಾನ ಕಡೆಯವನಾಗಿದ್ದ ಎಂದು ಪ್ರಕಟಿಸಿ ಎಲ್ಲರನ್ನೂ ಎಚ್ಚರಿಸಲು ಹೋಗಿದ್ದ. ಆದದ್ದು ತಿರುಗಾಮುರುಗಾ: ಹುಡುಗರೆಲ್ಲ ಸ್ಪಿನೋಜಾನನ್ನು ಹುಡುಕಿ ಓದತೊಡಗಿದರು. ದೇವರೆಂದರೂ ಪ್ರಕೃತಿಯೆಂದರೂ ಒಂದೇ ಎಂಬ ಆ ವಿಚಾರ ಭಾವನಾವಾದದ ಹೊಟ್ಟೆಯಲ್ಲಿ ಆಗಲೇ ಬೀಜವಾಗಿ ಕೂತಿತು.

ಕಾಂಟ್‌ನ ಬೆನ್ನಿಗೆ ಬಂದ ಫಿಖ್ಟೆ ಮತ್ತು ಶೆಲ್ಲಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಫಿಖ್ಟೆ 1794ರಲ್ಲಿ ಸ್ವತಃವಸ್ತುವನ್ನು ಹೊರಗೆ ಹಾಕಿದ. ‘ಅಹಂ’ ಒಂದು ವಸ್ತುವಲ್ಲ, ಒಂದು ಕೃತ್ಯ. ತನ್ನನ್ನು ತಾನೇ ಸ್ಥಾಪಿಸಿಕೊಳ್ಳುವ ಕೆಲಸವೇ ಅದು. ಇಲ್ಲಿ ಕ್ರಿಯಾಪದ ಎಷ್ಟು ಉಬ್ಬಿತೆಂದರೆ ಕರ್ತೃವೂ ಅದರೊಳಗೇ ಕರಗಿತು. 1799ರಲ್ಲಿ ನಾಸ್ತಿಕತೆಯ ಆರೋಪ ಹೊತ್ತು ಯೇನಾ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ. ಶೆಲ್ಲಿಂಗ್ 1797ರಿಂದಲೇ ಪ್ರಕೃತಿಯ ಪರ ವಾದಿಸಿದ: ಪ್ರಕೃತಿ ‘ಅಹಂ’ನ ಕಾಲಿಗೆ ಅಡ್ಡ ಬಂದ ಕಲ್ಲಲ್ಲ, ಅದು ಕಣ್ಣಿಗೆ ಕಾಣುವ ಆತ್ಮ, ಅದಕ್ಕೂ ತನ್ನದೇ ಚಲನೆ ಇದೆ. ಭೌತವಾದದ ಇತಿಹಾಸ ಬರೆಯುವವರು ಶೆಲ್ಲಿಂಗ್‌ನನ್ನು ಹಾರಿಸಿಬಿಡುತ್ತಾರೆ, ಅದು ತಪ್ಪು. 1843ರ ಅಕ್ಟೋಬರ್‌ನಲ್ಲಿ ಮಾರ್ಕ್ಸ್, ಮುಂದೆ ಬರಲಿರುವ ಭೌತವಾದಿ ಫಾಯರ್‌ಬಾಖ್‌ಗೆ ಬರೆದ ಕಾಗದದಲ್ಲಿ, ಶೆಲ್ಲಿಂಗ್ ಎಳೆವಯಸ್ಸಿನಲ್ಲಿ ಕಂಡ ಕನಸನ್ನು ನಿಜ ಮಾಡಿದವನು ನೀನು ಎಂಬರ್ಥದ ಮಾತಿದೆ.

ಹೆಗೆಲ್ ಹತ್ತಿರ ಸ್ವಲ್ಪ ನಿಲ್ಲಬೇಕು. ಅವನ ಇಡೀ ಯಂತ್ರ ತಿರುಗುವುದು ‘ಆಉಫ್‌ಹೇಬೆನ್’ ಎಂಬ ಒಂದು ಜರ್ಮನ್ ಕ್ರಿಯಾಪದದ ಮೇಲೆ. ರದ್ದು ಮಾಡು, ಉಳಿಸಿಡು, ಮೇಲಕ್ಕೇರಿಸು ಎಂದು ಮೂರು ಅರ್ಥ. ಇಂಗ್ಲಿಷಿನವರು ಇದಕ್ಕೆ ಸರಿಯಾದ ಪದ ಸಿಗದೆ ಒದ್ದಾಡಿದ್ದಾರೆ. ನಮಗೆ ಆ ಕಷ್ಟವೇ ಇಲ್ಲ. ನಮ್ಮಲ್ಲಿ ‘ಎತ್ತು’ ಇದೆ. ‘ನಿಷೇಧಾಜ್ಞೆ ಎತ್ತಿದರು’, ‘ಅಂಗಡಿ ಎತ್ತಿದರು’ ಅಂದಾಗ ಇಲ್ಲವಾಗಿಸಿದರು. ‘ಮಧ್ಯಾಹ್ನದ ಪಲ್ಯ ರಾತ್ರಿಗೆ ಎತ್ತಿಡು’ ಅಂದಾಗ ಉಳಿಸು. ‘ಚೀಲ ಎತ್ತು’ ಅಂದಾಗ ಮೇಲಕ್ಕೆ. ಮೊಗ್ಗನ್ನು ಹೂವು ಎತ್ತುತ್ತದೆ, ಹೂವನ್ನು ಕಾಯಿ ಎತ್ತುತ್ತದೆ, ಈ ಮೂರೂ ಅರ್ಥಗಳಲ್ಲಿ ಒಟ್ಟಿಗೇ. ಈ ಮೊಗ್ಗು-ಹೂವು-ಕಾಯಿಯ ಉದಾಹರಣೆ 1807ರ ‘ಆತ್ಮದ ಪ್ರಪಂಚಾನುಭವ’ದ (ಫಿನಾಮಿನಾಲಜಿ ಆಫ್ ಸ್ಪಿರಿಟ್) ಮುನ್ನುಡಿಯಲ್ಲಿ ಅವನದೇ. ಗೈಡ್‌ಗಳಲ್ಲಿ ಹೆಗೆಲ್ ಹೆಸರಿಗೆ ಅಂಟಿಸಿರುವ ‘ವಾದ, ಪ್ರತಿವಾದ, ಸಂವಾದ’ ಎಂಬ ಮೂರು ಮೆಟ್ಟಿಲು ಅವನ ವಿಧಾನವಲ್ಲ. ಪದಗಳು ಫಿಖ್ಟೆಯವು; ಹೆಗೆಲ್ ತಲೆಗೆ ಕಟ್ಟಿ ಹರಡಿದ್ದು ಖಾಲಿಬೊಯಸ್ ಎಂಬ ಪ್ರಾಧ್ಯಾಪಕ, 1837ರಲ್ಲಿ. ನೆಟ್ ಪರೀಕ್ಷೆಗೆ ಓದುವವರು ಇದನ್ನು ಗೋಡೆಗೆ ಬರೆದುಕೊಳ್ಳಲಿ.

ಆ 1807ರ ಪುಸ್ತಕದ ಒಡೆಯ-ಆಳಿನ ಪ್ರಕರಣ ಎಲ್ಲರಿಗೂ ಗೊತ್ತು. ಒಡೆಯ ಅನುಭವಿಸುತ್ತಾನೆ, ಆಳು ದುಡಿಯುತ್ತಾನೆ. ಒಡೆಯನಿಗೆ ವಸ್ತು ಬಾಯಿಗೆ ಬಿದ್ದು ಕರಗಿ ಹೋಗುತ್ತದೆ. ಆಳಿಗೆ ಅದು ಎದುರು ನಿಲ್ಲುತ್ತದೆ. ಅವನು ಅದಕ್ಕೆ ರೂಪ ಕೊಡುತ್ತಾನೆ, ಆ ರೂಪದಲ್ಲಿ ತನ್ನನ್ನು ಕಾಣುತ್ತಾನೆ. ಗುಳೇದಗುಡ್ಡದ ಖಣ ಉಟ್ಟವರಿಗಿಂತ ನೇಯ್ದವರಿಗೆ ಅದರಲ್ಲಿ ತಮ್ಮ ಕೈ ಕಾಣುತ್ತದಲ್ಲ, ಹಾಗೆ. ಆದರೆ ವರ್ಗಸಂಘರ್ಷದ ವಿಚಾರವನ್ನು ಮಾರ್ಕ್ಸ್ ಇಲ್ಲಿಂದಲೇ ಎತ್ತಿಕೊಂಡ ಎನ್ನುವುದಕ್ಕೆ ಅವನ ಬರಹದಲ್ಲಿ ಆಧಾರ ತೆಳು. 1844ರ ಹಸ್ತಪ್ರತಿಗಳಲ್ಲಿ ಅವನು ಕೂತು ಅಗೆದದ್ದು ಅದೇ ಪುಸ್ತಕದ ಕೊನೆಯ ಅಧ್ಯಾಯವನ್ನು, ‘ಪರಿಪೂರ್ಣ ಜ್ಞಾನ’ವನ್ನು. ಆಳು-ಒಡೆಯನಿಗೆ ಈಗಿನ ಖ್ಯಾತಿ ಬಂದದ್ದು 1933ರಿಂದ 1939ರವರೆಗೆ ಪ್ಯಾರಿಸಿನಲ್ಲಿ ತತ್ತ್ವಜ್ಞಾನಿ ಕೊಜೆವ್ ಮಾಡಿದ ಉಪನ್ಯಾಸಗಳಿಂದ.

1820ರ ಕೊನೆಗೆ ಹೊರಬಂದ, 1821 ಎಂದು ಇಸವಿ ಹಾಕಿದ ‘ಹಕ್ಕಿನ ತತ್ತ್ವಶಾಸ್ತ್ರ’ದ ಮುನ್ನುಡಿಯಲ್ಲಿ ಒಂದು ಸಾಲಿದೆ: ವಿವೇಕಯುತವಾದದ್ದು ವಾಸ್ತವ, ವಾಸ್ತವವಾದದ್ದು ವಿವೇಕಯುತ. ಇದೇ ಒಂದು ಸಾಲಿನಿಂದ ಎರಡು ಪಂಗಡ. ಇರುವ ಪ್ರಷ್ಯನ್ ಸರ್ಕಾರ ಸರಿಯಾಗಿಯೇ ಇದೆ ಎಂದು ಓದಿಕೊಂಡವರು ಒಂದು ಕಡೆ. ವಿವೇಕವಿಲ್ಲದ್ದು ಸುಮ್ಮನೆ ಇದೆಯಷ್ಟೆ, ಅದು ‘ವಾಸ್ತವ’ ಅಲ್ಲ, ಅದು ಹೋಗಬೇಕಾದ್ದೇ ಎಂದು ಓದಿಕೊಂಡವರು ಇನ್ನೊಂದು ಕಡೆ. ಹೆಗೆಲ್ 1831ರ ನವೆಂಬರ್ 14ರಂದು ತೀರಿಕೊಂಡ. 1835ರಲ್ಲಿ ಹೆಗೆಲ್‌ವಾದಿ ಸ್ಟ್ರಾಸ್ ಏಸುವಿನ ಚರಿತ್ರೆ ಬರೆದು, ಸುವಾರ್ತೆಗಳ ಪವಾಡಗಳು ಒಂದು ಸಮುದಾಯದ ಪುರಾಣಕಲ್ಪನೆ ಎಂದ. ಟ್ಯೂಬಿಂಗೆನ್‌ನಲ್ಲಿದ್ದ ಅವನ ಬೋಧಕನ ಕೆಲಸ ಹೋಯಿತು. ಹೆಗೆಲ್‌ವಾದಿಗಳನ್ನು ಫ್ರೆಂಚ್ ಶಾಸನಸಭೆಯ ಹಾಗೆ ಎಡ-ಬಲ ಎಂದು ಹಂಚಿದವನೂ ಅವನೇ, 1837ರಲ್ಲಿ.

ಮುಂದಿನದರಲ್ಲಿ ತತ್ತ್ವಕ್ಕಿಂತ ನೌಕರಿಯ ಪಾತ್ರ ದೊಡ್ಡದು. 1840ರಲ್ಲಿ ಪ್ರಷ್ಯಾದಲ್ಲಿ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಪಟ್ಟಕ್ಕೆ ಬಂದ. ಹೆಗೆಲ್‌ನ ಪ್ರಭಾವ ಅಳಿಸಲೆಂದೇ 1841ರಲ್ಲಿ ಅರವತ್ತಾರು ವರ್ಷದ ಶೆಲ್ಲಿಂಗ್‌ನನ್ನು ಬರ್ಲಿನ್ನಿಗೆ ಕರೆಸಿದರು. ಆ ಪಾಠಗಳನ್ನು ಕೇಳಿದವರಲ್ಲಿ ಮುಂದೆ ಮಾರ್ಕ್ಸ್‌ನ ಜೊತೆಗಾರನಾದ ಎಂಗೆಲ್ಸ್, ಬಕೂನಿನ್, ಕೀರ್ಕೆಗಾರ್ಡ್ ಇದ್ದರು. ಮೂವರೂ ಒಪ್ಪದೆಯೇ ಎದ್ದರು. 1842ರಲ್ಲಿ ಬಾನ್ ವಿಶ್ವವಿದ್ಯಾಲಯದಲ್ಲಿ ಎಡ ಹೆಗೆಲ್‌ವಾದಿ ಬ್ರೂನೋ ಬೌವರ್‌ನ ಬೋಧನಾ ಪರವಾನಗಿ ಕಿತ್ತುಕೊಂಡರು. ಅವನ ಬೆನ್ನಿಗೆ ಅಲ್ಲಿ ಕೆಲಸ ಸಿಗುವುದೆಂದು ಕಾದಿದ್ದ ಮಾರ್ಕ್ಸ್‌ಗೂ ಬಾಗಿಲು ಮುಚ್ಚಿತು. ಗ್ರೀಕ್ ಚಿಂತಕರಾದ ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸ್ ಮೇಲೆ 1841ರಲ್ಲಿ ಡಾಕ್ಟರೇಟ್ ಪಡೆದವನು ಪತ್ರಿಕೆಯ ಸಂಪಾದಕನಾದ. ಮೇಷ್ಟರ ಕೆಲಸ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಸೆನ್ಸಾರ್‌ನ ಒಂದು ಲೆಕ್ಕವೂ ಗೊತ್ತಿರಲಿ. 1819ರ ಕಾರ್ಲ್ಸ್‌ಬಾಡ್ ಆಜ್ಞೆಗಳ ಪ್ರಕಾರ 20 ಮುದ್ರಣ ಫಾರಂ ಮೀರದ್ದಕ್ಕೆಲ್ಲ, ಅಂದರೆ ಸುಮಾರು 320 ಪುಟದೊಳಗಿನದಕ್ಕೆ, ಅಚ್ಚಿಗೆ ಮೊದಲೇ ಸರ್ಕಾರದ ಒಪ್ಪಿಗೆ ಬೇಕು. ದಪ್ಪ ಪುಸ್ತಕ ಬಡವನ ಕೈಗೆ ಹೋಗುವುದಿಲ್ಲ ಎಂಬ ನಂಬಿಕೆ. 1843ರಲ್ಲಿ ‘ಸ್ವಿಟ್ಜರ್‌ಲೆಂಡಿನಿಂದ ಇಪ್ಪತ್ತೊಂದು ಫಾರಂ’ ಎಂಬ ಸಂಕಲನವೇ ಬಂತು. ಹೆಸರಿನಲ್ಲೇ ಅಣಕ. ಈ ಕಾಲದ ಪುಸ್ತಕಗಳು ಯಾಕಿಷ್ಟು ದಪ್ಪ ಎಂದು ಗೊಣಗುವವರು ಇದನ್ನೂ ನೆನೆಯಬೇಕು.

ಈಗ ಮೊದಲನೇ ಕುಣಿಕೆ, ಲುಡ್ವಿಗ್ ಫಾಯರ್‌ಬಾಖ್. 1804ರಲ್ಲಿ ಹುಟ್ಟಿದ, ಬರ್ಲಿನ್ನಿನಲ್ಲಿ ಹೆಗೆಲ್‌ನ ಶಿಷ್ಯ. ಆತ್ಮದ ಅಮರತ್ವವನ್ನು ಅಲ್ಲಗಳೆದು 1830ರಲ್ಲಿ ಹೆಸರು ಹಾಕದೆ ಬರೆದ ಪುಸ್ತಕದಿಂದಾಗಿ ವಿಶ್ವವಿದ್ಯಾಲಯದ ದಾರಿ ಮುಚ್ಚಿತು. ಬ್ರುಕ್‌ಬರ್ಗ್ ಎಂಬ ಹಳ್ಳಿಯಲ್ಲಿ ಹೆಂಡತಿಗೆ ಪಾಲಿದ್ದ ಪಿಂಗಾಣಿ ಕಾರ್ಖಾನೆಯ ಆದಾಯದಲ್ಲಿ ಬದುಕಿ ಬರೆದ. 1839ರಲ್ಲಿ ಹೆಗೆಲ್‌ನ ವಿಮರ್ಶೆ, 1841ರಲ್ಲಿ ‘ಕ್ರೈಸ್ತಧರ್ಮದ ಸಾರ’, 1843ರಲ್ಲಿ 65 ಕಲಮುಗಳ ‘ಭವಿಷ್ಯದ ತತ್ತ್ವಶಾಸ್ತ್ರದ ಮೂಲತತ್ತ್ವಗಳು’.

ಅವನ ವಿಚಾರಕ್ಕೆ ವಿಜಯಪುರದ ಗೋಳಗುಮ್ಮಟಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಗುಮ್ಮಟದ ಬುಡದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ಎದುರು ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ; ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರಳಿ ಬರುತ್ತದೆ. ಗುಮ್ಮಟದ ಗುಟ್ಟು ಗೊತ್ತಿಲ್ಲದವನು ತನ್ನದೇ ದನಿ ಕೇಳಿ ‘ಯಾರ್ರೀ ಅಲ್ಲಿ?’ ಎಂದಾನು. ಅದೂ ತಿರುಗಿ ಬರುತ್ತದೆ. ಫಾಯರ್‌ಬಾಖ್ ಹೇಳುವುದು ಇದನ್ನೇ: ದೇವರ ಪ್ರೇಮ, ನ್ಯಾಯ, ಜ್ಞಾನ ಎಲ್ಲವೂ ಮನುಷ್ಯ ಜಾತಿಯ ಗುಣಗಳು, ಗೋಡೆಯಿಂದ ಮರಳಿ ಬಂದ ದನಿ. ಇಲ್ಲಿ ಹಲವರು ಎಡವುತ್ತಾರೆ. ‘ದೇವರು ಸುಳ್ಳು’ ಎಂದಷ್ಟೇ ಓದಿಕೊಳ್ಳುತ್ತಾರೆ. ದನಿ ಸುಳ್ಳಲ್ಲ, ದನಿಯ ಒಡೆಯ ಯಾರೆಂಬುದರಲ್ಲಿ ತಪ್ಪಾಗಿದೆ.

ವ್ಯಾಕರಣದಲ್ಲಿ ಹೇಳಿದರೆ: ‘ದೇವರು ಪ್ರೇಮಮಯಿ’ ಎಂಬಲ್ಲಿ ಕರ್ತೃವಾಗಿದ್ದ ದೇವರನ್ನು ಕೆಳಗಿಳಿಸಿ, ವಿಶೇಷಣವಾಗಿದ್ದ ಪ್ರೇಮವನ್ನು ಮೇಲಕ್ಕೆ ತಂದು ‘ಪ್ರೇಮವೇ ದೈವಿಕ’ ಎನ್ನುವುದು. ಆತ ಇದನ್ನು ಹೆಗೆಲ್‌ಗೂ ಹಚ್ಚಿದ. ಹೆಗೆಲ್‌ನಲ್ಲಿ ಚಿಂತನೆ ಕರ್ತೃ, ಇರವು ಅದರ ವಿಶೇಷಣ. ಅದಲು ಬದಲು ಮಾಡಿ, ಇರವೇ ಕರ್ತೃ, ಚಿಂತನೆ ಅದರ ಗುಣ. ಕರ್ತೃಪದದಲ್ಲಿ ಈಗ ಕೂತದ್ದು ಹಸಿವು, ಕಣ್ಣು, ಚರ್ಮವಿರುವ ಮನುಷ್ಯ. ಇದು ಮೊದಲ ಬದಲಾವಣೆ.

ಇತ್ತ ಮಾರ್ಕ್ಸ್ 1842ರ ಅಕ್ಟೋಬರ್‌ನಿಂದ ‘ರೈನಿಷ್ ಜೈಟುಂಗ್’ ಸಂಪಾದಕ. ರೈನ್ ಪ್ರಾಂತದ ಸಭೆಯಲ್ಲಿ ಕಟ್ಟಿಗೆ ಕಳ್ಳತನದ ಕಾಯ್ದೆಯ ಚರ್ಚೆ ನಡೆದಿತ್ತು. ಕಾಡಿನಲ್ಲಿ ತಾನಾಗಿ ಬಿದ್ದ ಒಣಕಟ್ಟಿಗೆ ಆಯುವುದೂ ಕಳ್ಳತನವೇ ಎಂದು ಜಮೀನ್ದಾರರ ವಾದ. ನಮ್ಮ ಕಡೆ ಜೋಳದ ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿದ ತೆನೆಯನ್ನು ಬಡವರು ‘ಹಕ್ಕಲ’ ಆಯುತ್ತಾರಲ್ಲ, ಅದನ್ನು ಕಳ್ಳತನ ಅಂದ ಹಾಗೆ. ಮರದಿಂದ ಕಡಿದದ್ದಕ್ಕೂ ಬಿದ್ದದ್ದನ್ನು ಆಯ್ದದ್ದಕ್ಕೂ ವ್ಯತ್ಯಾಸವಿದೆ, ಆಯುವುದು ಬಡವರ ರೂಢಿಯ ಹಕ್ಕು ಎಂದು ಮಾರ್ಕ್ಸ್ ಬರೆದ. ಹೆಗೆಲ್ ಪ್ರಕಾರ ರಾಜ್ಯವು ಎಲ್ಲರ ಹಿತದ ಮೂರ್ತರೂಪ. ಇಲ್ಲಿ ನೋಡಿದರೆ ಅದು ಕಾಡಿನ ಮಾಲೀಕನ ಕಾವಲುಗಾರ. ತನ್ನನ್ನು ಅರ್ಥಶಾಸ್ತ್ರದ ಕಡೆ ಮೊದಲು ತಳ್ಳಿದ ಸಂಗತಿಗಳಲ್ಲಿ ಇದೂ ಒಂದು ಎಂದು 1859ರಲ್ಲಿ ಅವನೇ ಬರೆದುಕೊಂಡಿದ್ದಾನೆ. 1843ರ ಮಾರ್ಚ್‌ನಲ್ಲಿ ರಾಜೀನಾಮೆ, ಪತ್ರಿಕೆಯೂ ಮುಚ್ಚಿತು.

ಆ ಬೇಸಿಗೆಯಲ್ಲಿ, ಕ್ರೊಯ್ಟ್ಸ್‌ನಾಖ್ ಊರಿನಲ್ಲಿ, ಮದುವೆಯಾದ ಹೊಸತರಲ್ಲಿ, ಹೆಗೆಲ್‌ನ ‘ಹಕ್ಕಿನ ತತ್ತ್ವಶಾಸ್ತ್ರ’ವನ್ನು ಕಲಮು ಕಲಮಾಗಿ ಎದುರಿಟ್ಟುಕೊಂಡು ಟಿಪ್ಪಣಿ ಬರೆದ. ಉಳಿದಿರುವ ಹಸ್ತಪ್ರತಿ 261ರಿಂದ 313ನೇ ಕಲಮಿನವರೆಗೆ ಇದೆ, ಅಚ್ಚಾದದ್ದು 1927ರಲ್ಲಿ. 262ನೇ ಕಲಮು ನೋಡಿ. ಪರಿಕಲ್ಪನೆಯು ತನ್ನನ್ನು ತಾನೇ ಕುಟುಂಬ ಮತ್ತು ನಾಗರಿಕ ಸಮಾಜ ಎಂಬ ಎರಡು ವಲಯಗಳಾಗಿ ಒಡೆದುಕೊಳ್ಳುತ್ತದೆ, ಅದರಾಚೆ ತಾನು ಅನಂತವಾಗಲೆಂದು, ಎಂಬುದು ಅಲ್ಲಿನ ತಿರುಳು. ಮಾರ್ಕ್ಸ್ ಕರ್ತೃಪದಕ್ಕೆ ಗೆರೆ ಹಾಕುತ್ತಾನೆ. ಪರಿಕಲ್ಪನೆ ಒಡೆದುಕೊಳ್ಳುವುದನ್ನು ಕಂಡವರು ಯಾರು? ಕುಟುಂಬಗಳೂ ದುಡಿದು ವ್ಯಾಪಾರ ಮಾಡುವ ಸಮಾಜವೂ ಮೊದಲಿಂದ ಇದ್ದವು. ರಾಜ್ಯ ಅವುಗಳಿಂದ ಎದ್ದು ನಿಂತಿದೆ. ಮಾಡುವವರನ್ನು ಮಾಡಿಸಿಕೊಂಡವರನ್ನಾಗಿ, ಪರಿಣಾಮವನ್ನು ಕಾರಣವನ್ನಾಗಿ ಬರೆಯಲಾಗಿದೆ.

ಈ ವಿಧಾನವನ್ನು ಇವತ್ತಿನ ಪ್ರಕಟಣೆಗಳ ಮೇಲೂ ಪ್ರಯೋಗಿಸಬಹುದು. ‘ಅಭಿವೃದ್ಧಿಯು ತ್ಯಾಗವನ್ನು ಬೇಡುತ್ತದೆ’, ‘ಯೋಜನೆಯು ಗ್ರಾಮಗಳನ್ನು ಸ್ಥಳಾಂತರಿಸಿತು’. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಂತು ಬಾಗಲಕೋಟೆಯ ಹಳೇ ಊರಿನ ಹಲವು ಭಾಗ ಮುಳುಗಿ ನವನಗರ ಎದ್ದ ಕಡೆ ಇಂಥ ವಾಕ್ಯ ಹೊಸದಲ್ಲ. ಕರ್ತೃಪದಕ್ಕೆ ಗೆರೆ ಹಾಕಿ. ‘ಅಭಿವೃದ್ಧಿ’ಗೆ ಬಾಯಿದೆಯೇ ಬೇಡಲು? ಗೇಟಿನ ಎತ್ತರ ಗೊತ್ತು ಮಾಡಿದವರು ಯಾರು, ಜಮೀನು ಬಿಟ್ಟವರು ಯಾರು, ನೀರು ಯಾರ ಹೊಲಕ್ಕೆ ಹೋಯಿತು ಎಂದು ಕೇಳಿ ವಾಕ್ಯವನ್ನು ಮತ್ತೆ ಬರೆಯಿರಿ. ಮೂರು ಸಾಲು ಹೆಚ್ಚಾಗುತ್ತದೆ, ಸಂಗತಿ ಕಾಣುತ್ತದೆ.

ಇಲ್ಲೇ ಮಾರ್ಕ್ಸ್ ಗುರುವನ್ನು ದಾಟಲು ಶುರು ಮಾಡಿದ್ದಾನೆ. ಫಾಯರ್‌ಬಾಖ್‌ಗೆ ತಿರುವುಮುರುವು ಒಂದು ತಪ್ಪು ಅರಿವು, ತಿದ್ದಿದರೆ ಮುಗಿಯಿತು. ಮಾರ್ಕ್ಸ್ ಹೇಳಿದ್ದು: ಆಧುನಿಕ ರಾಜ್ಯವನ್ನು ಇದ್ದ ಹಾಗೆ ಬರೆದದ್ದಕ್ಕೆ ಹೆಗೆಲ್‌ನನ್ನು ದೂರಬೇಕಾಗಿಲ್ಲ, ಇರುವುದನ್ನೇ ರಾಜ್ಯದ ಸಾರವೆಂದು ಸಾರಿದ್ದಕ್ಕೆ ದೂರಬೇಕು. ಅಂದರೆ ತಲೆಕೆಳಗಾಗಿರುವುದು ಪುಸ್ತಕವೊಂದೇ ಅಲ್ಲ, ರಾಜ್ಯವೇ. 1844ರ ಫೆಬ್ರುವರಿಯಲ್ಲಿ ಪ್ಯಾರಿಸಿನಿಂದ ಬಂದ ‘ಜರ್ಮನ್-ಫ್ರೆಂಚ್ ವಾರ್ಷಿಕ’ದಲ್ಲಿ, ಬಂದದ್ದೇ ಒಂದು ಜೋಡಿ ಸಂಚಿಕೆ, ಧರ್ಮವನ್ನು ಜನರ ಅಫೀಮು ಎಂದ ಲೇಖನವಿದೆ. ಅದೇ ಸಂಚಿಕೆಯಲ್ಲಿ ಮ್ಯಾಂಚೆಸ್ಟರಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ಎಂಗೆಲ್ಸ್ ಅರ್ಥಶಾಸ್ತ್ರದ ವಿಮರ್ಶೆ ಬರೆದಿದ್ದ. ಅದನ್ನು ಓದಿಯೇ ಮಾರ್ಕ್ಸ್ ಗಂಭೀರವಾಗಿ ಅರ್ಥಶಾಸ್ತ್ರಕ್ಕಿಳಿದ. ಆ ವರ್ಷದ ಹಸ್ತಪ್ರತಿಗಳಲ್ಲಿ ಹೆಗೆಲ್‌ನ ಲೆಕ್ಕ ಚುಕ್ತಾ ಆಗುತ್ತದೆ: ಮನುಷ್ಯ ತನ್ನ ದುಡಿಮೆಯಿಂದಲೇ ತನ್ನನ್ನು ಮಾಡಿಕೊಂಡವನು ಎಂಬುದನ್ನು ಹೆಗೆಲ್ ಕಂಡ, ಅದು ದೊಡ್ಡದು; ಆದರೆ ಅವನಿಗೆ ಗೊತ್ತಿದ್ದ ದುಡಿಮೆ ತಲೆಯೊಳಗಿನದು ಮಾತ್ರ.

ಎರಡನೇ ಬದಲಾವಣೆ ಕಹಿ ಔಷಧ. 1844ರ ಕೊನೆಗೆ ಮ್ಯಾಕ್ಸ್ ಸ್ಟಿರ್ನರ್‌ನ ಪುಸ್ತಕ ಬಂತು, ಮುಖಪುಟದ ಮೇಲೆ 1845. ನಿಜ ಹೆಸರು ಯೋಹಾನ್ ಕಾಸ್ಪರ್ ಸ್ಮಿತ್, ಬರ್ಲಿನ್ನಿನ ಹೆಣ್ಣುಮಕ್ಕಳ ಶಾಲೆಯ ಮೇಷ್ಟರು. ಅವನ ತಕರಾರು: ಫಾಯರ್‌ಬಾಖ್ ದೇವರನ್ನು ಇಳಿಸಿ ‘ಮನುಷ್ಯ’ನನ್ನು ಕೂರಿಸಿದ. ಆದರೆ ಯಾವ ಮನುಷ್ಯ? ಬೀದಿಯಲ್ಲಿ ಹೋಗುವವನಲ್ಲ, ‘ಮಾನವಸಾರ’ ಎಂಬ ಇನ್ನೊಂದು ದೇವರು. ಮೂರ್ತಿ ಬದಲಾಯಿತು, ಪೂಜೆ ನಿಂತಿಲ್ಲ. ಕರ್ತೃಪದದಲ್ಲಿ ಇರಬೇಕಾದದ್ದು ‘ನಾನು’, ಈ ಒಬ್ಬನೇ ನಾನು. ಸ್ಟಿರ್ನರ್‌ನನ್ನು ಹುಚ್ಚನೆಂದು ಬದಿಗಿಡುವ ರೂಢಿಯಿದೆ. ನನ್ನ ಪ್ರಕಾರ ಅವನಿಲ್ಲದೆ ಮುಂದಿನ ಹೆಜ್ಜೆ ಅರ್ಥವಾಗುವುದಿಲ್ಲ. ಮಾರ್ಕ್ಸ್-ಎಂಗೆಲ್ಸ್ ‘ಜರ್ಮನ್ ಐಡಿಯಾಲಜಿ’ಯ ದೊಡ್ಡ ಪಾಲನ್ನು ಅವನಿಗೇ ಮೀಸಲಿಟ್ಟದ್ದು ಸುಮ್ಮನೆ ಅಲ್ಲ. ‘ಮಾನವಸಾರ’ ಎಂಬ ಪದದ ಮೇಲೆ ಮಾರ್ಕ್ಸ್‌ಗಿದ್ದ ಭರವಸೆ ಸಡಿಲವಾದದ್ದು ಈ ಹೊಡೆತದ ಆಚೀಚೆಯೇ.

1845ರ ವಸಂತದಲ್ಲಿ ಬ್ರಸೆಲ್ಸ್‌ನಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ, ಫಾಯರ್‌ಬಾಖ್ ಕುರಿತು ಮಾರ್ಕ್ಸ್ ಬರೆದ 11 ಸೂತ್ರಗಳು. ಅಚ್ಚಿನಲ್ಲಿ ಎರಡು-ಮೂರು ಪುಟ. ಎಲ್ಲರೂ ಹನ್ನೊಂದನೆಯದನ್ನು ಬಾಯಿಪಾಠ ಮಾಡುತ್ತಾರೆ: ತತ್ತ್ವಜ್ಞಾನಿಗಳು ಜಗತ್ತನ್ನು ಬಗೆಬಗೆಯಾಗಿ ಅರ್ಥೈಸಿದ್ದಾರಷ್ಟೆ, ಬೇಕಾದದ್ದು ಅದನ್ನು ಬದಲಿಸುವುದು. ಗಂಟು ಇರುವುದು ಒಂದನೆಯದರಲ್ಲಿ. ಇದುವರೆಗಿನ ಭೌತವಾದ, ಫಾಯರ್‌ಬಾಖ್‌ನದೂ ಸೇರಿ, ವಸ್ತುವನ್ನು ಕೇವಲ ನೋಟಕ್ಕೆ ಬಿದ್ದದ್ದಾಗಿ ಹಿಡಿಯಿತು, ಮನುಷ್ಯರ ಇಂದ್ರಿಯಗಮ್ಯ ಚಟುವಟಿಕೆಯಾಗಿ ಹಿಡಿಯಲಿಲ್ಲ. ಆದ್ದರಿಂದ ಕ್ರಿಯಾಶೀಲ ಪಕ್ಷವನ್ನು ಬೆಳೆಸಿದ್ದು ಭಾವನಾವಾದವೇ, ಅದೂ ಅಮೂರ್ತವಾಗಿ. ಕರ್ತೃ-ಕ್ರಿಯಾಪದದ ಲೆಕ್ಕ ನಾನು ಇಲ್ಲಿಂದಲೇ ತಂದದ್ದು. ನಾಲ್ಕನೇ ಸೂತ್ರ ಮತ್ತೆ ಗೋಳಗುಮ್ಮಟಕ್ಕೆ ಒಯ್ಯುತ್ತದೆ. ದನಿ ನಮ್ಮದೇ ಎಂದು ತಿಳಿಸಿದರೆ ಸಾಲದು. ದನಿಯನ್ನು ತಿರುಗಿಸಿ ಕಳಿಸುವ ಆ ಗುಮ್ಮಟ ಕಟ್ಟಿದವರಾರು, ಯಾಕೆ ಕಟ್ಟಬೇಕಾಯಿತು? ಈ ಲೋಕದ ಬದುಕೇ ಒಳಗೆ ಬಿರಿದಿರದಿದ್ದರೆ ಆಕಾಶದಲ್ಲಿ ಇನ್ನೊಂದು ಲೋಕ ಏಳುತ್ತಿರಲಿಲ್ಲ. ಆ ಬಿರುಕನ್ನು ವಿವರಿಸಬೇಕು, ಆಮೇಲೆ ಕೈಯಾರೆ ತೆಗೆಯಬೇಕು.

ಮೂರನೇ ಬದಲಾವಣೆ ‘ಜರ್ಮನ್ ಐಡಿಯಾಲಜಿ’ಯಲ್ಲಿ, 1845-46. ಕರ್ತೃಪದದಲ್ಲಿ ಈಗ ‘ಮನುಷ್ಯ’ ಇಲ್ಲ, ‘ನಾನು’ ಇಲ್ಲ. ಇಂತಿಂಥ ಸ್ಥಿತಿಯಲ್ಲಿ ಹುಟ್ಟಿ, ಇಂತಿಂಥ ಹತಾರಗಳಿಂದ, ಇಂಥವರ ಜೊತೆ ದುಡಿಯುವ ನಿಜವಾದ ಮಂದಿ. ಬಹುವಚನ. ತಿನ್ನಬೇಕು, ಉಡಬೇಕು, ಸೂರು ಬೇಕು, ಅವನ್ನು ಉತ್ಪಾದಿಸುವುದೇ ಇತಿಹಾಸದ ಮೊದಲ ಕೃತ್ಯ. ಫಾಯರ್‌ಬಾಖ್‌ನ ಮೇಲಿನ ಅಲ್ಲಿಯ ಟೀಕೆಯಲ್ಲಿ ಚೆರಿ ಮರದ ಉದಾಹರಣೆ ಇದೆ: ಕಣ್ಣೆದುರಿನ ಮರ ಪ್ರಕೃತಿಯಾಗಿ ಕಾಣುತ್ತದೆ, ಆದರೆ ವ್ಯಾಪಾರ ಅದನ್ನು ಆ ನಾಡಿಗೆ ತಂದು ಕೆಲವೇ ಶತಮಾನವಾಗಿದೆ. ನಮ್ಮ ತಾಟನ್ನು ನೋಡಿಕೊಂಡರೂ ಅಷ್ಟೇ. ಜೋಳದ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ. ನಾಲಿಗೆ ಇದನ್ನು ನಮ್ಮ ಮಣ್ಣಿನದೇ ಎಂದು ಆಣೆ ಮಾಡಿ ಹೇಳುತ್ತದೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಇಂದ್ರಿಯ ಕೊಟ್ಟ ಖಾತ್ರಿಯೊಳಗೇ ವ್ಯಾಪಾರದ ಚರಿತ್ರೆ ಕೂತಿದೆ. ಆ ಪುಸ್ತಕಕ್ಕೆ ಪ್ರಕಾಶಕರು ಸಿಗಲಿಲ್ಲ. ಇಲಿಗಳ ವಿಮರ್ಶೆಗೆ ಬಿಟ್ಟೆವು ಎಂದು ಮಾರ್ಕ್ಸ್ ಮುಂದೆ ತಮಾಷೆ ಮಾಡಿದ. ಪೂರ್ತಿಯಾಗಿ ಹೊರಬಂದದ್ದು 1932ರಲ್ಲಿ.

ಕುಣಿಕೆ ಹಾಕದೆ ನೇಯಲು ಹೋದರೆ ಏನಾಗುತ್ತದೆ ಎಂಬುದಕ್ಕೂ ಮಾದರಿ ಇದೆ: 1850ರ ದಶಕದ ವಿಜ್ಞಾನಿ-ಭೌತವಾದಿಗಳಾದ ವೋಗ್ಟ್, ಮೋಲೆಷಾಟ್, ಬ್ಯೂಖ್ನರ್. ಪಿತ್ತಜನಕಾಂಗಕ್ಕೆ ಪಿತ್ತ ಹೇಗೋ ಮಿದುಳಿಗೆ ವಿಚಾರ ಹಾಗೆ ಎಂದ ವೋಗ್ಟ್. ಇದೂ ಭೌತವಾದವೇ, ಆದರೆ ಮನುಷ್ಯ ಮತ್ತೆ ಕರ್ಮದ ಜಾಗಕ್ಕೆ ಹೋಗಿ ಕೂತ. ಭಾವನಾವಾದ ಗಳಿಸಿದ ಕ್ರಿಯಾಪದವನ್ನು ಇವರು ಪೂರ್ತಿ ಕಳೆದರು. ಮೋಲೆಷಾಟ್‌ನ ಪುಸ್ತಕವನ್ನು 1850ರಲ್ಲಿ ವಿಮರ್ಶಿಸುತ್ತ ಫಾಯರ್‌ಬಾಖ್ ‘ಮನುಷ್ಯ ತಿಂದದ್ದೇ ಅವನು’ ಎಂದದ್ದು ಜರ್ಮನ್‌ನಲ್ಲಿ ಶ್ಲೇಷೆ. ಅದನ್ನೇ ಅವನ ಇಡೀ ದರ್ಶನವೆಂದು ಒಪ್ಪಿಸಬಾರದು.

ನಮ್ಮ ಭಾಗದ ಓದುಗರು ಜಾರುವ ಜಾಗ ಎರಡು. ಹೆಗೆಲ್‌ನ ಆತ್ಮವೆಂದರೆ ಅದ್ವೈತದ ಬ್ರಹ್ಮ ಎಂದುಬಿಡುವುದು ಒಂದು. ಬ್ರಹ್ಮಕ್ಕೆ ಚರಿತ್ರೆ ಬೇಕಿಲ್ಲ. ಹೆಗೆಲ್‌ನ ಆತ್ಮಕ್ಕೆ ಚರಿತ್ರೆ ಬಿಟ್ಟರೆ ಬೇರೆ ಮೈಯೇ ಇಲ್ಲ. ಭಗವದ್ಗೀತೆ ಕುರಿತ ಜರ್ಮನ್ ವಿದ್ವಾಂಸ ಹುಂಬೋಲ್ಟ್‌ನ ಪ್ರಬಂಧಕ್ಕೆ 1827ರಲ್ಲಿ ಹೆಗೆಲ್ ದೀರ್ಘ ವಿಮರ್ಶೆ ಬರೆದ. ಅದನ್ನು ಓದಿದರೆ ಅವನಿಗೆ ಈ ಹೋಲಿಕೆ ಎಷ್ಟು ಹಿಡಿಸುತ್ತಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಕೂಡಲಸಂಗಮದ ನೆಲದಲ್ಲಿ ಕೂತು ‘ಕಾಯಕವೇ ಮಾರ್ಕ್ಸ್ ಹೇಳಿದ ಕ್ರಿಯೆ’ ಎನ್ನುವುದು ಇನ್ನೊಂದು. ಆಯ್ದಕ್ಕಿ ಮಾರಯ್ಯ ಅಕ್ಕಿ ಆಯ್ದದ್ದಕ್ಕೂ ರೈನ್ ಪ್ರಾಂತದವರು ಕಟ್ಟಿಗೆ ಆಯ್ದದ್ದಕ್ಕೂ ಮೇಲ್ನೋಟದ ನಂಟಿದೆ, ನಿಜ. ಆದರೆ ಒಂದರಲ್ಲಿ ಹೆಚ್ಚು ಆಯ್ದು ತಂದದ್ದು ಆಸೆಯಾಯಿತೇ ಎಂಬ ಪ್ರಶ್ನೆ; ಇನ್ನೊಂದರಲ್ಲಿ ಕಾಡು ಯಾರ ಆಸ್ತಿಯಾಯಿತು ಎಂಬ ಪ್ರಶ್ನೆ. ಎರಡನ್ನೂ ಅವುಗಳ ಜಾಗದಲ್ಲೇ ಇಟ್ಟು ಓದಿದರೆ ಎರಡೂ ಹೆಚ್ಚು ಕೊಡುತ್ತವೆ. ಇನ್ನು ‘ದ್ವಂದ್ವಾತ್ಮಕ ಭೌತವಾದ’ ಎಂಬ ಹೆಸರು. ಮಾರ್ಕ್ಸ್ ಅದನ್ನು ಬಳಸಿಲ್ಲ. ಚರ್ಮ ಹದ ಮಾಡುವ ಕಸುಬಿನ ಡೀಟ್ಸ್‌ಗೆನ್ 1887ರಲ್ಲಿ, ರಷ್ಯಾದ ಮಾರ್ಕ್ಸ್‌ವಾದಿ ಪ್ಲೆಖಾನೊವ್ 1891ರಲ್ಲಿ ಬಳಸಿದರು.

ಓದಲು ಕೂರುವವರಿಗೆ ನನ್ನ ಕ್ರಮ ಹೀಗೆ. ಮೊದಲು 11 ಸೂತ್ರ, ಅರ್ಥವಾಗದಿದ್ದರೂ ಸರಿ. ಆಮೇಲೆ ಕಾಂಟ್‌ನ ಎರಡನೇ ಆವೃತ್ತಿಯ ಮುನ್ನುಡಿ ಮಾತ್ರ. ಹೆಗೆಲ್‌ನಲ್ಲಿ ಒಡೆಯ-ಆಳು, ಮಿಲ್ಲರ್‌ನ ಇಂಗ್ಲಿಷ್ ಅನುವಾದದ 178ರಿಂದ 196ನೇ ಪ್ಯಾರಾ; ದಿನಕ್ಕೆ ಎರಡು ಪ್ಯಾರಾ ಮೀರಬೇಡಿ, ಮೀರಿದರೆ ಶಬ್ದ ಮಾತ್ರ ಉಳಿಯುತ್ತದೆ. ಫಾಯರ್‌ಬಾಖ್‌ನ 65 ಕಲಮು ಒಂದು ವಾರಕ್ಕೆ ಸಾಕು. ಮಾರ್ಕ್ಸ್‌ನ ಕಟ್ಟಿಗೆ ಲೇಖನ, 262ನೇ ಕಲಮಿನ ಟಿಪ್ಪಣಿ, 1844ರ ಹಸ್ತಪ್ರತಿಯ ಕೊನೆಯ ಭಾಗ, ‘ಜರ್ಮನ್ ಐಡಿಯಾಲಜಿ’ಯ ಫಾಯರ್‌ಬಾಖ್ ಅಧ್ಯಾಯ. ಓದುವಾಗ ಪೆನ್ಸಿಲ್ ಹಿಡಿದು ಪ್ರತಿ ಮುಖ್ಯ ವಾಕ್ಯದ ಕರ್ತೃಪದಕ್ಕೆ ಗೆರೆ ಎಳೆಯಿರಿ. ಕೊನೆಗೆ ಮತ್ತೆ ಆ 11 ಸೂತ್ರ.

ಆಗ ಎರಡು ಪಾಠಗಳನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ: ಮಾರ್ಕ್ಸ್ 1845ರಲ್ಲಿ ಬರೆದದ್ದು, ಎಂಗೆಲ್ಸ್ 1888ರಲ್ಲಿ ತಿದ್ದಿ ಅಚ್ಚು ಹಾಕಿಸಿದ್ದು. ಹನ್ನೊಂದನೆಯದಕ್ಕೆ ಎಂಗೆಲ್ಸ್ ಒಂದು ‘ಆದರೆ’ ಸೇರಿಸಿದ್ದಾನೆ. ಅದರಿಂದ ಅರ್ಥೈಸುವುದು ಬೇರೆ, ಬದಲಿಸುವುದು ಬೇರೆ ಎಂಬಷ್ಟು ಬಿರುಸು ಬಂದಿದೆ. ಮೂರನೆಯದರಲ್ಲಿ, ಸನ್ನಿವೇಶ ಬದಲಾಗುವುದೂ ಮನುಷ್ಯರ ಚಟುವಟಿಕೆಯೂ ಒಂದಾಗುವ ಕಡೆ ಮಾರ್ಕ್ಸ್ ‘ಅಥವಾ ತನ್ನನ್ನು ತಾನು ಬದಲಿಸಿಕೊಳ್ಳುವುದು’ ಎಂದು ಸೇರಿಸಿದ್ದ. ಎಂಗೆಲ್ಸ್‌ನ ಅಚ್ಚಿನಲ್ಲಿ ಆ ಪದ ಇಲ್ಲ. ಫಿಖ್ಟೆಯ ‘ಅಹಂ’ನಿಂದ ಹೊರಟು ಅಲ್ಲಿಯವರೆಗೆ ನಡೆದು ಬಂದ ಕ್ರಿಯಾಪದ ಅದು.